ಇಲ್ಲ ಅನ್ನಲು ಕಲಿತ ಮೊಮ್ಮಗಳು

ಮೊನ್ನೆ ಬೆಳಗ್ಗೆ ಹಾಲಿನವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ನಿನ್ನೆ ಮೊಸರು ಹಾಕಲಿಲ್ಲ ಯಾಕೆ ಅಂತ ಗದರುತ್ತಿದ್ದೆ. ಒಳಗಿಂದ ಬಂದ ಮೊಮ್ಮಗಳು, "ಇಲ್ಲ ತಾತ, ಹಾಕಿದ್ರು. ನಾನೇ ಫ್ರಿಜ್ಜಲ್ಲಿ ಇಟ್ಟೆ. ನೀವು ಹೇಳ್ತಿರೋದು ತಪ್ಪು," ಅಂದಳು.

ಹಾಲಿನವನು ಪ್ಯಾಕೆಟ್ಟು ಹಿಡಿದವನು ಹಾಗೇ ನಿಂತ. ಈ ಮುದುಕ ಈಗ ಸಿಡಿಯುತ್ತಾನೆ ಅಂತ ಅವನ ಲೆಕ್ಕ. ನಾನು ಸಿಡಿಯಲಿಲ್ಲ. ಸಂತೋಷ ತಡೆಯಲಾರದೆ ಅಡುಗೆಮನೆಗೆ ಓಡಿದೆ. "ಕೇಳಿಸ್ತೇನೇ? ನಿನ್ನ ಮೊಮ್ಮಗಳು ಹೊರಗಿನವರ ಮುಂದೆ ನನಗೆ ತಪ್ಪು ಅಂದ್ಲು!" ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಒಲೆ ಆರಿಸಿ ಬಂದು, ಹುಡುಗಿಯ ಕೆನ್ನೆ ಸವರಿ ಲಟಲಟ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಇದು ಹುಚ್ಚರ ಮನೆ ಅಂತ ಹಾಲಿನವನಿಗೆ ಅನ್ನಿಸಿದ್ದರೆ ಅವನ ತಪ್ಪಿಲ್ಲ. ಆದರೆ ಇದು ರೈಲು ಓಡಿಸುವವರ ಮನೆ. ವಿಷಯ ಏನು ಅಂತ ಬರೆದೇ ಬಿಡುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಳ್ಳಿ. ತಿದ್ದುವವರನ್ನು ಕಂಡರೆ ಈಗ ನನಗೆ ಬಹಳ ಪ್ರೀತಿ.

ರೈಲ್ವೆಗೆ ನಾನು ಸೇರಿದ್ದು ಉಗಿ ಎಂಜಿನ್ನಿನ ಬೂದಿ ಎಳೆಯುವ ಕೆಲಸಕ್ಕೆ. ಆಗ ಅಷ್ಟು ಓದು ಸಾಕಾಗುತ್ತಿತ್ತು. ಬೂದಿಯಿಂದ ಕಲ್ಲಿದ್ದಲಿಗೆ, ಕಲ್ಲಿದ್ದಲಿನಿಂದ ಡೀಸೆಲ್ಲಿಗೆ, ಒಂದೊಂದೇ ಮೆಟ್ಟಿಲು ಹತ್ತಿ ಮೈಸೂರು ಲೈನಿನಲ್ಲಿ ಡ್ರೈವರಾಗಿ ರಿಟೈರಾದೆ. ನಮ್ಮ ಕಾಲಕ್ಕೆ ಇದ್ದದ್ದು ಒಂದೇ ಹಳಿ. ಎದುರುಗಾಡಿ ಬಂದು ಹೋಗುವ ತನಕ ಕೆಂಗೇರಿಯಲ್ಲೋ ಬಿಡದಿಯಲ್ಲೋ ಕಡಲೆಕಾಯಿ ಸುಲಿಯುತ್ತಾ ಕಾಯಬೇಕಿತ್ತು. ಈಗ ಜೋಡಿ ಹಳಿ, ತಲೆಯ ಮೇಲೆ ಕರೆಂಟ್ ತಂತಿ. ಬೆಂಗಳೂರಿನ ಹೊಸಹಳ್ಳಿಯ ನಮ್ಮ ಮನೆಯ ತಾರಸಿಗೆ ಹೋದರೆ ಮೆಟ್ರೋ ರೈಲು ಕಣ್ಣಿನ ಮಟ್ಟಕ್ಕೇ ಹಾದುಹೋಗುತ್ತದೆ. ಯಾವ ದಿಕ್ಕಿಗೆ ತಿರುಗಿದರೂ ರೈಲು! ಇದನ್ನೆಲ್ಲ ನೋಡುವುದಕ್ಕೆ ದೇವರು ನನ್ನನ್ನು ಇನ್ನೂ ಇಟ್ಟಿದ್ದಾನಲ್ಲ ಅಂತ ದಿನಾ ಬೆಳಗ್ಗೆ ಕೈಮುಗಿಯುತ್ತೇನೆ.

ರೈಲಿನ ಎಂಜಿನ್ನಿನಲ್ಲಿ ಇಬ್ಬರಿರುತ್ತಾರೆ, ಓಡಿಸುವವರು ಒಬ್ಬರು, ಪಕ್ಕದಲ್ಲಿ ಅಸಿಸ್ಟೆಂಟು ಒಬ್ಬರು. ಈಗ ಲೋಕೋ ಪೈಲಟ್ ಅಂತ ವಿಮಾನದ ಹೆಸರು ಬಂದಿದೆ, ಕೆಲಸ ಮಾತ್ರ ಅದೇ. ದೂರದಲ್ಲಿ ಸಿಗ್ನಲ್ ಕಂಡ ಕೂಡಲೇ, ಮೊದಲು ಕಂಡವರು ಕೈ ಚಾಚಿ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು. ಇನ್ನೊಬ್ಬರು ತಮ್ಮ ಕಣ್ಣಿಂದ ನೋಡಿ, ಆಮೇಲೆ ತಾವೂ ಕೂಗಬೇಕು. ಗ್ರೀನ್ ಅಂದರೆ ಹೋಗು. ಯೆಲ್ಲೋ ಅಂದರೆ ಮುಂದೆ ನಿಲ್ಲಬೇಕಾದೀತು, ಹುಷಾರು. ರೆಡ್ ಅಂದರೆ ನಿಲ್ಲು. ಪಕ್ಕಪಕ್ಕದಲ್ಲೇ ಕೂತವರು ಕೂಗುವುದು ಯಾಕೆ ಅಂತ ನೀವು ಕೇಳಬಹುದು. ಒಬ್ಬರ ಕಣ್ಣು ಮೋಸ ಹೋದರೆ ಇನ್ನೊಬ್ಬರ ಬಾಯಿ ಕಾಯಲಿ ಅಂತ.

ಈ ಕೂಗು ನನ್ನ ಮೈಗೆ ಅಂಟಿಕೊಂಡುಬಿಟ್ಟಿತ್ತು. ರಜೆಯ ದಿನ ಹೆಂಡತಿಯ ಜೊತೆ ಸಿಟಿ ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಹೊರಟರೆ, ಟ್ರಾಫಿಕ್ ಸಿಗ್ನಲ್ ಕಂಡ ತಕ್ಷಣ ನನ್ನ ಕೈ ತಾನಾಗಿ ಏಳುತ್ತಿತ್ತು. "ರೆಡ್!" ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ಹೊಸದರಲ್ಲಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ರೀ, ನನ್ನ ಮರ್ಯಾದೆ ತೆಗೀಬೇಡಿ," ಅನ್ನುತ್ತಿದ್ದಳು. ನಾನು ಉತ್ತರ ಬರುವ ತನಕ ಕೈ ಇಳಿಸುತ್ತಿರಲಿಲ್ಲ. ಕೊನೆಗೆ ಅವಳೇ ಸೋತು, ಚೀಲ ತೊಡೆಯ ಮೇಲಿಟ್ಟುಕೊಂಡು ಕತ್ತು ಉದ್ದ ಮಾಡಿ ನೋಡಿ, "ಹೂಂ, ರೆಡ್ಡು, ಕೈ ಇಳಿಸಿ," ಅನ್ನತೊಡಗಿದಳು.

ನನ್ನ ಮಗ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸ ಮಾಡುತ್ತಾನೆ. ಸೊಸೆ ಬಸವೇಶ್ವರನಗರದ ಶಾಲೆಯಲ್ಲಿ ಟೀಚರು. ಅವರಿಗೆ ಒಬ್ಬಳೇ ಮಗಳು. ಡಿಪ್ಲೊಮಾ ಮುಗಿಸಿ, ರೈಲ್ವೆ ಪರೀಕ್ಷೆ ಬರೆದು, ಅಸಿಸ್ಟೆಂಟ್ ಲೋಕೋ ಪೈಲಟ್ ಆಗಿ ಆಯ್ಕೆಯಾದಳು. ಬೂದಿ ಎಳೆದವನ ಮೊಮ್ಮಗಳು! ಆವತ್ತು ನಾನು ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ಮೈಸೂರ್‌ಪಾಕ್ ಕೊಟ್ಟೆ. ಕೊರಿಯರ್ ಹುಡುಗನೊಬ್ಬ ಎರಡು ಸಲ ಇಸಕೊಂಡ, ನಾನು ನೋಡಿಯೂ ಸುಮ್ಮನಿದ್ದೆ.

ಟ್ರೈನಿಂಗ್ ಕ್ಲಾಸಿನಲ್ಲಿ ಅವಳೇ ಮುಂದು. ಕಣ್ಣಂತೂ ಹದ್ದಿನ ಕಣ್ಣು. ಕ್ಲಾಸು ಮುಗಿದ ಮೇಲೆ ಗಾಡಿಯ ಮೇಲೆ ಕಲಿಯುವ ಸರದಿ ಬಂತು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ಬ್ಯಾಗು ಕೂಡ ಇಳಿಸದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏನಾಯ್ತು ಕಂದ?" ಅಂದೆ.

"ನಮ್ ಕೆಲಸ ನೋಡೋ ಇನ್ಸ್‌ಪೆಕ್ಟರ್ ಸಾರ್ ಇವತ್ತು ಎಂಜಿನ್ನಲ್ಲಿ ನಮ್ ಜೊತೆ ಬಂದಿದ್ರು ತಾತ. ಸಿಗ್ನಲ್ ಬಂತು. ನಾನು ಬಾಯಿ ಬಿಡೋಷ್ಟ್ರಲ್ಲಿ ಅವ್ರೇ ಗ್ರೀನ್ ಅಂದ್ರು. ನಾನೂ ಗ್ರೀನ್ ಅಂದೆ."

"ಸರಿಯಾಗೇ ಇದೆಯಲ್ಲ."

"ಅದು ಯೆಲ್ಲೋ ಇತ್ತು."

ನಾನೂ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. "ನಿನಗೆ ಏನು ಕಾಣಿಸ್ತು?"

"ಯೆಲ್ಲೋನೇ ಕಾಣಿಸ್ತು."

"ಮತ್ತೆ ಗ್ರೀನ್ ಅಂತ ಯಾಕಂದೆ?"

"ಸಾರ್ ಅಂದ್ರಲ್ಲ ತಾತ. ಅಷ್ಟು ದೊಡ್ಡೋರು."

ಇನ್ಸ್‌ಪೆಕ್ಟರು ಬೇಕೆಂದೇ ತಪ್ಪು ಹೇಳಿದ್ದರು. ಗಾಡಿ ಓಡಿಸುತ್ತಿದ್ದವರಿಗೆ ಅದು ಮೊದಲೇ ಗೊತ್ತಿತ್ತು, ಅವರು ವೇಗ ಇಳಿಸಿಯೇ ಇದ್ದರು. ಹುಡುಗಿಯನ್ನು ಪರೀಕ್ಷೆ ಮಾಡಿದ್ದಷ್ಟೆ. ಇಳಿಯುವಾಗ ಒಳ್ಳೆಯ ಮಾತಿನಲ್ಲೇ ಹೇಳಿದರಂತೆ: ಮುಂದಿನ ತಿಂಗಳು ಇನ್ನೊಂದು ಸಲ ಬರುತ್ತೇನೆ. ಆಗಲೂ ನೀನು ಕಂಡದ್ದನ್ನು ಬಿಟ್ಟು ನಾನು ಹೇಳಿದ್ದನ್ನೇ ಹೇಳಿದರೆ, ನಿನ್ನನ್ನು ಎಂಜಿನ್ನಿಗೆ ಹತ್ತಿಸಲಾರೆ, ಆಫೀಸಿನಲ್ಲಿ ಬೇರೆ ಏನಾದರೂ ಕೆಲಸ ಕೊಡಿ ಎಂದು ಬರೆಯಬೇಕಾಗುತ್ತದೆ.

ಆಫೀಸು! ಸೀಟಿಯ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ತಾರಸಿಗೆ ಓಡುತ್ತಿದ್ದ ಮಗು ಇದು.

ತಪ್ಪು ಎಲ್ಲಿದೆ ಅಂತ ನನಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಮಾತಾಡಿದರೆ ಚಿಕ್ಕವರು ಹೂಂಗುಟ್ಟುವುದು ಪದ್ಧತಿ. ನನ್ನ ಮಗನಿಗೆ ತಲೆ ನರೆತಿದೆ, ಈಗಲೂ ಗೋಡೆಗೆ ಯಾವ ಬಣ್ಣ ಹೊಡೆಸೋಣ ಅಂತ ನಾನು ಕೇಳಿದರೆ, "ನೀವು ಹೇಳಿದ್ಮೇಲೆ ಮುಗೀತಪ್ಪ," ಅನ್ನುವವನು. ಅದನ್ನೇ ನೋಡಿಕೊಂಡು ಬೆಳೆದ ಹುಡುಗಿ. ಮನೆಗೆ ಬಂದವರೆಲ್ಲ ಎಷ್ಟು ಒಳ್ಳೆ ಮಗು, ಎದುರು ಮಾತೇ ಆಡಲ್ಲ ಅಂತ ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆ ಮನೆಗೆ ಚೆಂದ. ಎಂಜಿನ್ನಿನಲ್ಲಿ ಅದು ನಡೆಯುವುದಿಲ್ಲ.

ಮಾರನೇ ದಿನ ಬೆಳಗ್ಗೆಯಿಂದಲೇ ನಾನು ಚಿಕಿತ್ಸೆ ಶುರು ಮಾಡಿದೆ. ಕಾಫಿಗೆ ಸಕ್ಕರೆ ಹಾಕಬೇಡ ಅಂತ ಹೆಂಡತಿಗೆ ಗುಟ್ಟಾಗಿ ಹೇಳಿ, ಮೊಮ್ಮಗಳ ಮುಂದೆ ಕೂತು ಒಂದು ಗುಟುಕು ಕುಡಿದು, "ಅಬ್ಬ, ಏನು ಸಿಹಿ! ಪಾಯಸ ಇದ್ದಂಗಿದೆ. ಅಲ್ವೇನಮ್ಮ?" ಅಂದೆ.

ಅವಳು ಕುಡಿದಳು. ಮುಖ ಕಿವುಚಿಕೊಂಡಿತು. "ಹೂಂ ತಾತ, ಸ್ವಲ್ಪ ಜಾಸ್ತಿನೇ ಆಯ್ತು."

ಅಡುಗೆಮನೆಯಿಂದ ಹೆಂಡತಿ ಕಿಸಕ್ಕನೆ ನಕ್ಕಳು. ನಾನು ಹಣೆ ಚಚ್ಚಿಕೊಂಡೆ. ಆಮೇಲೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ: "ನೋಡು ಕಂದ, ಇವತ್ತಿಂದ ನಾನು ದಿನವೆಲ್ಲ ಸುಳ್ಳು ಹೇಳ್ತೀನಿ. ಯಾವುದು ಸುಳ್ಳು ಅಂತ ಕಂಡ್ರೆ ನೀನು ಇಲ್ಲ ಅನ್ನಬೇಕು. ಮುಖಕ್ಕೆ ಹೊಡೆದಂಗೆ ಅನ್ನಬೇಕು."

"ನಿಮಗೆ ಹೆಂಗೆ ತಾತ..."

"ನನಗೇ. ಬೇರೆಯವರಿಗೆ ಆಮೇಲೆ."

ಮಂಗಳವಾರವನ್ನು ಭಾನುವಾರ ಅಂದೆ. ಬದನೆಕಾಯಿಯನ್ನು ಹೀರೇಕಾಯಿ ಅಂದೆ. ಹೆಂಡತಿ ಹಸಿರು ಸೀರೆ ಉಟ್ಟಿದ್ದರೆ, ನಿಮ್ಮಜ್ಜಿಗೆ ಈ ಕೆಂಪು ಸೀರೆ ಒಪ್ಪುತ್ತೆ ಅಂದೆ. ಹುಡುಗಿ ಬೆವೆತುಹೋದಳು. ಕೊನೆಗೊಂದು ಮಧ್ಯಾಹ್ನ, ಉಪ್ಪೇ ಇಲ್ಲದ ಸಾರನ್ನು ನಾನು ಚಪ್ಪರಿಸಿ ಹೊಗಳಿದಾಗ, ತಟ್ಟೆ ನೋಡಿಕೊಂಡು ಮೆಲ್ಲಗೆ, "ಉಪ್ಪಿಲ್ಲ ಅನ್ಸುತ್ತೆ ತಾತ," ಅಂದಳು.

"ಅನ್ಸುತ್ತೆ ಅನ್ನೋ ಬಣ್ಣ ಯಾವ ಸಿಗ್ನಲ್ಲಲ್ಲಿದೆ?" ಅಂದೆ.

ಅವಳು ತಲೆಯೆತ್ತಿದಳು. "ಇಲ್ಲ ತಾತ. ಉಪ್ಪಿಲ್ಲ."

"ಭೇಷ್!" ಅಂತ ನಾನು ಎದ್ದು ಕುಣಿದೇಬಿಟ್ಟೆ. ಹೆಂಡತಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿಮ್ಮ ಪಾಠ ಏನಾದ್ರೂ ಮಾಡ್ಕೊಳ್ಳಿ. ನನ್ನ ಸಾರಿನ ಮೇಲೆ ಬೇಡ. ಊರವರ ಕಿವಿಗೆ ಬಿದ್ರೆ ಇಷ್ಟು ವರ್ಷ ಉಪ್ಪಿಲ್ಲದ್ದೇ ಬಡಿಸಿದೀನಿ ಅಂದ್ಕೋತಾರೆ."

ಆಮೇಲೆ ಮೊಮ್ಮಗಳ ಬಾಯಿ ಚೆನ್ನಾಗಿಯೇ ಬಿಟ್ಟಿತು. ಒಂದು ರಾತ್ರಿ ಊಟಕ್ಕೆ ಕೂತಾಗ ಮಗ, ಮೆಟ್ರೋ ಇವತ್ತು ಖಾಲಿ ಇತ್ತು ಅಂದ. "ಇಲ್ಲಪ್ಪ, ನಾನೂ ಅದೇ ರೈಲಲ್ಲಿ ಬಂದೆ, ಕಾಲಿಡಕ್ಕೆ ಜಾಗ ಇರ್ಲಿಲ್ಲ," ಅಂದಳು ಅವನ ಮಗಳು. ಅವನು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. "ಅಪ್ಪ, ಇವಳು ಎದುರು ಮಾತಾಡ್ತಿದಾಳೆ."

"ಹೂಂ. ಎಷ್ಟು ಚೆನ್ನಾಗಿ ಮಾತಾಡ್ತಿದಾಳೆ ಅಲ್ವಾ?" ಅಂದೆ.

"ನೀವು ಹೇಳಿದ್ಮೇಲೆ ಮುಗೀತಪ್ಪ," ಅಂದು ಪಾಪ, ಊಟ ಮುಂದುವರಿಸಿದ. ಸೊಸೆ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು.

ನಾನು ಗೆದ್ದೆ ಅಂತ ಬೀಗುತ್ತಿರುವಾಗ ನನ್ನನ್ನು ಕೆಳಗಿಳಿಸಿದ್ದು ಹೆಂಡತಿ. "ನೀವು ಕಣ್ಣು ಅರಳಿಸಿಕೊಂಡು, ಮೀಸೆ ಕುಣಿಸಿಕೊಂಡು ಸುಳ್ಳು ಹೇಳ್ತೀರಿ. ಅದು ಸುಳ್ಳು ಅಂತ ಬೀದಿ ನಾಯಿಗೂ ಗೊತ್ತಾಗುತ್ತೆ. ಆ ಸಾರ್ ಹಂಗೆ ಹೇಳ್ತಾರಾ? ಅವ್ರು ಗಂಭೀರವಾಗಿ ಹೇಳಿದ್ರೆ ಇವಳು ಮತ್ತೆ ಹೂಂ ಅಂತಾಳೆ, ನೋಡ್ತಿರಿ."

ಮಾತು ನೆಟ್ಟಗೆ ನಾಟಿತು. ಇದುವರೆಗೆ ಆಗಿದ್ದೆಲ್ಲ ಆಟ. ಇನ್ಸ್‌ಪೆಕ್ಟರು ಬರುವ ದಿನ ಹತ್ತಿರವಾಗುತ್ತಿತ್ತು. ಆಟವಲ್ಲದ ಹೊತ್ತಿನಲ್ಲಿ ಅವಳು ಏನು ಮಾಡುತ್ತಾಳೋ ನೋಡುವುದು ಹೇಗೆ? ನಿಜವಾಗಿ ತಪ್ಪು ಮಾಡೋಣ ಅಂತ ನಾನು ಕೂತು ಯೋಚಿಸಿದರೂ, ಯೋಚಿಸಿ ಮಾಡಿದ್ದು ನಿಜವಾದ ತಪ್ಪಾಗುವುದಿಲ್ಲವಲ್ಲ.

ಆ ವಾರ ನಾವು ಮೂವರೂ ರಾಜಾಜಿನಗರಕ್ಕೆ ಹೋಗಿದ್ದೆವು. ಹೆಂಡತಿಗೆ ಚಪ್ಪಲಿ ಕೊಂಡು, ಬಿಸಿಬಿಸಿ ದೋಸೆ ತಿಂದು, ಕಾರ್ಡ್ ರೋಡು ದಾಟಲು ಸಿಗ್ನಲ್ಲಿನ ಹತ್ತಿರ ನಿಂತೆವು. ಸಂಜೆಯ ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ದೀಪ ಕಂಡಿತು. ಅಭ್ಯಾಸದಂತೆ ಕೈ ಚಾಚಿ, "ಗ್ರೀನ್! ನಡೀರಿ," ಅಂದು ನಾನು ರಸ್ತೆಗೆ ಕಾಲಿಟ್ಟೆ.

"ರೆಡ್!"

ಆ ದನಿ ಯಾರದು ಅಂತ ಮೊದಲು ನನಗೆ ತಿಳಿಯಲೇ ಇಲ್ಲ. ಹಿಂದಿನಿಂದ ನನ್ನ ಅಂಗಿಯ ಕಾಲರು ಹಿಡಿದು ಯಾರೋ ಎಳೆದರು. ಒಂದು ಬೈಕು ಮೂಗಿನ ಮುಂದೆ ಸುಂಯ್ ಅಂತ ಹೋಯಿತು.

"ರೆಡ್ ತಾತ! ರೆಡ್! ನಿಲ್ಲಿ!"

ಮೊಮ್ಮಗಳು! ಫುಟ್‌ಪಾತಿನ ಜನವೆಲ್ಲ ನೋಡುತ್ತಿದ್ದರು. ನನಗೆ ಸ್ವಲ್ಪ ಸಿಟ್ಟೇ ಬಂತು. "ಗ್ರೀನ್ ಕಣಮ್ಮ. ಜೀವಮಾನವೆಲ್ಲ ಸಿಗ್ನಲ್ ನೋಡಿದವನು ನಾನು."

"ನೋಡಿರಬಹುದು. ಇದನ್ನ ನೋಡಿಲ್ಲ. ಸರಿಯಾಗಿ ನೋಡಿ ಹೇಳಿ."

ಹಣೆಗೆ ಕೈ ಅಡ್ಡವಿಟ್ಟು ನೋಡಿದೆ. ನಾನು ಕಂಡದ್ದು ಪಕ್ಕದ ರಸ್ತೆಯ ಗ್ರೀನು. ನಮ್ಮ ಎದುರಿನ ದೀಪ ಬಿಸಿಲಿಗೆ ಬಿಳಚಿಕೊಂಡು, ಒಳಗೆ ಕೆಂಪಗೆ ಉರಿಯುತ್ತಿತ್ತು. ಪಕ್ಕದ ಲೈನಿನ ಸಿಗ್ನಲನ್ನು ತನ್ನದು ಅಂತ ಓದುವುದು. ಎಂಜಿನ್ನಿನವರು ಹೆದರುವುದೇ ಈ ಒಂದು ತಪ್ಪಿಗೆ. ಕೆಲಸದಲ್ಲಿದ್ದಾಗ ಒಮ್ಮೆಯೂ ಮಾಡದವನು, ಚಪ್ಪಲಿ ಚೀಲ ಹಿಡಿದುಕೊಂಡು ಕಾರ್ಡ್ ರೋಡಿನಲ್ಲಿ ಮಾಡಿದೆ.

ನಿಯಮ ನಿಯಮವೇ. ಕೈ ಚಾಚಿ, ಗಟ್ಟಿಯಾಗಿ, "ರೆಡ್," ಅಂದೆ.

ಹಾಗೆ ಅಂದ ಮೇಲೆ ನನಗೆ ಹೊಳೆಯಿತು, ಇದು ಆಟವಾಗಿರಲಿಲ್ಲ! ನಾನು ನಿಜವಾಗಿ ತಪ್ಪಿದ್ದೆ, ಅವಳು ನಿಜವಾಗಿ ಇಲ್ಲ ಅಂದಿದ್ದಳು, ನಾನು ಗದರಿದ ಮೇಲೂ ಇಲ್ಲ ಅಂದಿದ್ದಳು. ಅಲ್ಲೇ ನಿಂತು ಗಹಗಹಿಸಿ ನಗತೊಡಗಿದೆ. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದ ಹುಡುಗ, "ತಾತ, ಆ ಅಕ್ಕ ಹೇಳಿದಂಗೆ ಕೇಳಿ. ಇಲ್ಲಾಂದ್ರೆ ಫೋಟೋಗೆ ಹಾರ ಬೀಳುತ್ತೆ," ಅಂದ.

"ಅವಳು ನನ್ನ ಮೊಮ್ಮಗಳು ಕಣಪ್ಪ!" ಅಂದೆ, ಅವನೇನೋ ನನ್ನನ್ನು ಹೊಗಳಿದ ಅನ್ನುವ ಹಾಗೆ.

ಹೆಂಡತಿ ನನ್ನ ಕೈಯಿಂದ ಚಪ್ಪಲಿ ಚೀಲ ಕಿತ್ತುಕೊಂಡಳು. "ನಗ್ತೀರಾ? ನಾಳೆನೇ ಕಣ್ಣಿನ ಡಾಕ್ಟರ ಹತ್ರ ನಡೀರಿ," ಅಂದಳು. ಹೋದೆ. ಈಗ ಇದನ್ನು ಬರೆಯುತ್ತಿರುವುದು ಹೊಸ ಕನ್ನಡಕ ಹಾಕಿಕೊಂಡೇ.

ಇನ್ಸ್‌ಪೆಕ್ಟರು ಬಂದ ದಿನ ನಾನು ಬೆಳಗ್ಗೆಯಿಂದ ಗೇಟಿಗೂ ಬಾಗಿಲಿಗೂ ಓಡಾಡಿದೆ. ಸಂಜೆ ಬೀದಿಯ ತಿರುವಿನಲ್ಲಿ ಅವಳ ನಡಿಗೆ ನೋಡಿದಾಗಲೇ ತಿಳಿಯಿತು. ಬ್ಯಾಗನ್ನು ಗಾಳಿಪಟದ ಹಾಗೆ ಬೀಸಿಕೊಂಡು ಬರುತ್ತಿದ್ದಳು.

"ಸಾರ್ ಗ್ರೀನ್ ಅಂದ್ರು ತಾತ. ಇಲ್ಲ ಸಾರ್, ಯೆಲ್ಲೋ ಅಂದೆ. ಏನಮ್ಮ, ನನಗಿಂತ ನಿನಗೆ ಚೆನ್ನಾಗಿ ಗೊತ್ತಾ, ಗ್ರೀನು ಅಂತ ಮುಖ ಗಂಟಿಕ್ಕಿದ್ರು. ನನಗೆ ಕಾರ್ಡ್ ರೋಡ್ ನೆನಪಾಯ್ತು."

"ಏನಂದೆ? ಏನಂದೆ?"

"ಯೆಲ್ಲೋ ಸಾರ್, ಸರಿಯಾಗಿ ನೋಡಿ ಹೇಳಿ ಅಂದ್ಬಿಟ್ಟೆ!"

"ಅಯ್ಯಯ್ಯೋ!" ಅಂದಳು ಹೆಂಡತಿ.

"ಅವ್ರು ಕತ್ತು ಮುಂದೆ ಮಾಡಿ ನೋಡಿದ್ರು ಅಜ್ಜಿ. ಆಮೇಲೆ ನಕ್ಕು, ಯೆಲ್ಲೋ ಅಂತ ಕೂಗಿದ್ರು. ಇಳಿಯುವಾಗ ಕೈ ಕುಲುಕಿದ್ರು."

ಆವತ್ತು ಕೇಸರಿಬಾತ್ ಆಯಿತು. ಒಂದು ಚಮಚ ಬಾಯಿಗಿಟ್ಟ ಮೊಮ್ಮಗಳು, "ಅಜ್ಜಿ, ತುಪ್ಪ ಕಮ್ಮಿ," ಅಂದಳು. "ಪಾಸಾಯ್ತಲ್ಲ, ಇನ್ನು ನಿಲ್ಸೇ!" ಅಂತ ಅಜ್ಜಿ ಸೌಟು ಎತ್ತಿದಳು. ಎತ್ತಿದ ಸೌಟಿನಲ್ಲೇ ತುಪ್ಪ ಬಡಿಸಿದಳು.

ಕೆಂಗೇರಿ ಮೇಲೆ ಹಾದುಹೋಗುವ ಗೂಡ್ಸ್ ಗಾಡಿಯಲ್ಲಿ ಅವಳಿಗೆ ಮೊದಲ ಡ್ಯೂಟಿ ಬಿತ್ತು. ಹೆಂಡತಿ ಹಿಂದಿನ ದಿನದಿಂದ ನನ್ನನ್ನು ಚುಚ್ಚುತ್ತಿದ್ದಳು, ಹೇಳಿ, ಹೇಳಿ ಅಂತ. ನನಗೂ ಒಳಗೊಳಗೇ ಆಸೆ. "ಕಂದ, ನಾವು ಕೆಂಗೇರಿ ಪ್ಲಾಟ್‌ಫಾರಮ್ಮಲ್ಲಿ ನಿಂತಿರ್ತೀವಿ. ಹಾದು ಹೋಗುವಾಗ ಒಂದ್ಸಲ ನಮ್ಮ ಕಡೆ ನೋಡಿ ಕೈ ಆಡಿಸು," ಅಂದೆ.

ಅವಳು ನನ್ನ ಮೀಸೆಯನ್ನೇ ನೋಡಿದಳು, ಕುಣಿಯುತ್ತಿದೆಯೋ ಅಂತ. ಕುಣಿಯುತ್ತಿರಲಿಲ್ಲ.

"ಇಲ್ಲ ತಾತ, ಆಗಲ್ಲ. ಅಲ್ಲಿ ಸಿಗ್ನಲ್ ನೋಡ್ಬೇಕು."

"ಒಂದೇ ಒಂದು ಸಲ ಕಣೇ," ಅಂದಳು ಅಜ್ಜಿ.

"ಇಲ್ಲ ಅಜ್ಜಿ."

ಹೆಂಡತಿ ನನ್ನ ಕಡೆ ತಿರುಗಿದಳು. "ನೀವೇ ಕಲಿಸಿದ್ದಲ್ವಾ? ಅನುಭವಿಸಿ."

ಆದರೂ ಹೋದೆವು. ಮೆಟ್ರೋ ಇಳಿದು ಆಟೋ ಹಿಡಿದು ಕೆಂಗೇರಿ ಸ್ಟೇಷನ್ನಿಗೆ ಬಂದೆವು. ಹೆಂಡತಿ ಮೊಮ್ಮಗಳ ಮದುವೆಗೆ ಅಂತ ಎತ್ತಿಟ್ಟಿದ್ದ ರೇಷ್ಮೆ ಸೀರೆ ಉಟ್ಟಿದ್ದಳು. ಡಬ್ಬಿಯಲ್ಲಿ ಚಿತ್ರಾನ್ನ. ಗೂಡ್ಸ್ ಗಾಡಿ ಬರುವ ಹೊತ್ತು ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಪ್ಯಾಸೆಂಜರ್ ಗಾಡಿಗಳು ಬಂದವು, ಹೋದವು. ನಾವು ಬೆಂಚು ಬಿಟ್ಟು ಏಳದ್ದನ್ನು ಕಂಡು ಕಾಲೇಜು ಹುಡುಗಿಯೊಬ್ಬಳು ಕೇಳಿದಳು.

"ಅಜ್ಜಿ, ಯಾವ ಟ್ರೈನಿಗೆ ಕಾಯ್ತಿದೀರಾ?"

"ಗೂಡ್ಸ್ ಗಾಡಿಗೆ ಕಣಮ್ಮ."

"ಅಯ್ಯೋ, ಅದಕ್ಕೆ ಜನ ಹತ್ತಲ್ಲ ಅಜ್ಜಿ."

"ಹತ್ತಕ್ಕಲ್ಲ, ನೋಡಕ್ಕೆ," ಅಂದಳು ನನ್ನ ಹೆಂಡತಿ, ರೇಷ್ಮೆ ಸೆರಗು ಸರಿಮಾಡಿಕೊಳ್ಳುತ್ತಾ. ಆ ಹುಡುಗಿ ಮೆಲ್ಲಗೆ ಪಕ್ಕದ ಬೆಂಚಿಗೆ ಹೋದಳು.

ಬೆಂಗಳೂರಿನ ಕಡೆಯಿಂದ ಹಾರನ್ ಕೇಳಿತು. ಸ್ಟೇಷನ್ನಿನವನೊಬ್ಬ ಹಸಿರು ಬಾವುಟ ಹಿಡಿದು ನಿಂತ. ನೆಲ ನಡುಗಿತು. ಎಂಜಿನ್ ಬಂತು, ನಮ್ಮ ಕಡೆಯ ಕಿಟಕಿಯಲ್ಲೇ ಅವಳು! ಬಾವುಟಕ್ಕೆ ಬಾವುಟ ತೋರಿಸಿದಳು, ಮರುಕ್ಷಣ ಮುಖ ಮುಂದಕ್ಕೆ ತಿರುಗಿತು. ತೋಳು ನೆಟ್ಟಗೆ ಚಾಚಿಕೊಂಡಿತು. ಬಾಯಿ ಅಗಲವಾಗಿ ತೆರೆಯಿತು. ಆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ಆದರೆ ಮುಂದಿನ ದೀಪ ನನಗೂ ಕಾಣುತ್ತಿತ್ತು, ಕನ್ನಡಕ ಇತ್ತಲ್ಲ. ಕೈ ಚಾಚಿ, ಎದೆ ತುಂಬ ಉಸಿರೆಳೆದು, "ಗ್ರೀನ್!" ಅಂತ ಕೂಗಿದೆ. ಪಕ್ಕದಲ್ಲಿ ರೇಷ್ಮೆ ಸೀರೆಯವಳ ತೋಳೂ ಮೇಲೆದ್ದಿತ್ತು. "ಗ್ರೀನ್!"

ನಮ್ಮ ಕಡೆ ಅವಳು ತಿರುಗಲಿಲ್ಲ. ಡಬ್ಬಿ ಡಬ್ಬಿಯಾಗಿ ಇಡೀ ಗಾಡಿ ಹಾದುಹೋಗಿ, ಕೊನೆಯ ಡಬ್ಬಿ ಬಿಡದಿಯ ಕಡೆ ಚಿಕ್ಕದಾಗುವ ತನಕ ನಾವಿಬ್ಬರೂ ಕೈ ಇಳಿಸದೆ ನಿಂತಿದ್ದೆವು. ಆಮೇಲೆ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ಅಂಥಾ ಚಿತ್ರಾನ್ನ ನಾನು ತಿಂದೇ ಇಲ್ಲ. ಉಪ್ಪು ಹದವಾಗಿತ್ತು. ನಿಜವಾಗಿಯೂ.

ಹೊಸಹಳ್ಳಿಗೆ ವಾಪಸ್ಸು ಬಂದು ನಮ್ಮ ಬೀದಿಯ ಕೊನೆಯಲ್ಲಿ ತರಕಾರಿ ಕೊಳ್ಳಲು ನಿಂತಾಗ ಗಾಡಿಯ ಹೆಂಗಸು, ರೇಷ್ಮೆ ಸೀರೆ ಕಂಡು, "ಏನಮ್ಮ, ಮದುವೆ ಮನೆಯಿಂದಾ?" ಅಂದಳು.

"ಮದುವೆ ಏನು ಮಹಾ! ಮೊಮ್ಮಗಳನ್ನ ನೋಡಕ್ಕೆ ಕೆಂಗೇರಿಗೆ ಹೋಗಿದ್ವಿ ಕಣಮ್ಮ. ಬೆಳಗ್ಗೆಯಿಂದ ಕಾದ್ವಿ. ಎದುರಿಗೇ ಹೋದ್ಲು. ನಮ್ಮನ್ನ ತಿರುಗಿ ನೋಡ್ಲೇ ಇಲ್ಲ! ಒಂದೇ ಒಂದು ಸಲಾನೂ ನೋಡ್ಲಿಲ್ಲ!" ಹೆಂಡತಿಯ ಮುಖ ಹೆಮ್ಮೆಯಿಂದ, ಉಬ್ಬಿದ ಪೂರಿಯ ಹಾಗೆ ಹೊಳೆಯುತ್ತಿತ್ತು.

ತರಕಾರಿಯವಳು ತಕ್ಕಡಿ ಕೆಳಗಿಟ್ಟಳು. "ಬಿಡಿ ಅಮ್ಮ, ಮನಸ್ಸಿಗೆ ಹಚ್ಕೋಬೇಡಿ. ಈಗಿನ ಮಕ್ಕಳೇ ಹಿಂಗೆ," ಅಂದು, ನಿಟ್ಟುಸಿರು ಬಿಟ್ಟು, ಚೀಲಕ್ಕೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕಿದಳು.